ಉಪ್ಪು ತಿಂದವರೊಬ್ಬರು, ನೀರು ಕುಡಿದವರೊಬ್ಬರು: ಪಾಲಾರ್ ಕಣಿವೆಯ ಟ್ಯಾನರಿಗಳ ಪ್ರಕರಣ

ಬೆಂಗಳೂರಿನಿಂದ ಚೆನ್ನೈಗೆ ಹಗಲು ರೈಲಿನಲ್ಲಿ ಹೋದವರಿಗೆ ಆ ವಾಸನೆ ಗೊತ್ತಿರುತ್ತದೆ. ಜೋಲಾರಪೇಟೆ ದಾಟಿ ವಾಣಿಯಂಬಾಡಿ ಹತ್ತಿರ ಬರುವಾಗ ಕೊಳೆತ ಮೊಟ್ಟೆಯಂಥ ಗಬ್ಬು ಕಿಟಕಿಯಿಂದ ನುಗ್ಗುತ್ತದೆ. ಗೊತ್ತಿಲ್ಲದವರು ಪಕ್ಕದವರ ಮುಖ ನೋಡುತ್ತಾರೆ. ಗೊತ್ತಿದ್ದವರು "ಟ್ಯಾನರಿ" ಅಂದು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ಆಂಬೂರು ಬರುತ್ತದೆ, ಮಾತು ಬಿರಿಯಾನಿ ಕಡೆ ಹೊರಳುತ್ತದೆ.

ಟ್ಯಾನರಿ ಅಂದರೆ ಚರ್ಮ ಹದ ಮಾಡುವ ಕಾರ್ಖಾನೆ. ಆ ಗಬ್ಬು ಸಲ್ಫೈಡಿನದು. ಚರ್ಮದ ಕೂದಲು ಉದುರಿಸಲು ಹಾಕುವ ರಾಸಾಯನಿಕ ಅದು. ಆದರೆ ಈ ಪ್ರಕರಣದಲ್ಲಿ ಮೂಗಿಗೆ ಬಡಿಯುವುದು ದೊಡ್ಡ ಅಪರಾಧಿ ಅಲ್ಲ. ಪತ್ರಿಕೆಗಳಲ್ಲಿ ಜಾಸ್ತಿ ಹೆಸರು ಬರುವ ಕ್ರೋಮಿಯಂ ಕೂಡ, ಹೊಲಗಳ ಮಟ್ಟಿಗೆ ಹೇಳುವುದಾದರೆ, ಎರಡನೆಯದು. ಈ ಕಣಿವೆಯ ಬಾವಿಗಳನ್ನು ಕೆಡಿಸಿದ್ದು ಬಣ್ಣ ಇಲ್ಲದ, ವಾಸನೆ ಇಲ್ಲದ, ಯಾರೂ ಹೆದರದ ಒಂದು ವಸ್ತು. ಅಡುಗೆ ಉಪ್ಪು.

ನದಿ ಎಂಥದು

ಪಾಲಾರ್ ನಮ್ಮ ನಂದಿ ಬೆಟ್ಟದ ಕಡೆ ಹುಟ್ಟುವ ನದಿ. (ಮಲೆ ಮಹದೇಶ್ವರ ಬೆಟ್ಟದ ಹತ್ತಿರ ಕಾವೇರಿಗೆ ಸೇರುವ ಪಾಲಾರ್ ಬೇರೆ.) ಕೋಲಾರ ಜಿಲ್ಲೆಯಲ್ಲಿ ಹರಿದು, ಬೇತಮಂಗಲದ ಕೆರೆ ತುಂಬಿಸಿ, ಆಂಧ್ರದ ಕುಪ್ಪಂ ಸೀಮೆ ದಾಟಿ ತಮಿಳುನಾಡಿಗೆ ಇಳಿಯುತ್ತದೆ. ಒಟ್ಟು ಉದ್ದ 348 ಕಿಲೋಮೀಟರ್. ಅದರಲ್ಲಿ 222 ಕಿಲೋಮೀಟರ್ ತಮಿಳುನಾಡಿನಲ್ಲೇ. ವಾಣಿಯಂಬಾಡಿ, ಆಂಬೂರು, ಪೇರ್ಣಾಂಬಟ್ಟು, ರಾಣಿಪೇಟೆ ಎಲ್ಲ ಈ ಕಣಿವೆಯ ಊರುಗಳು. ಮೊದಲು ಎಲ್ಲ ಸೇರಿ ವೆಲ್ಲೂರು ಜಿಲ್ಲೆ, 2019ರಲ್ಲಿ ಅದನ್ನು ಮೂರು ಮಾಡಿದರು.

ಹೆಸರಿನ ಅರ್ಥ ಹಾಲಿನ ಹೊಳೆ. ನೋಡಿದರೆ ವರ್ಷದ ಬಹುಪಾಲು ಬರೀ ಮರಳು. ಮೇಲಿನವರು ಕೆರೆ, ಅಣೆಕಟ್ಟು ಕಟ್ಟಿ ನೀರು ಹಿಡಿದುಬಿಟ್ಟರು ಎಂಬ ದೂರು ಅಲ್ಲಿ ಹಳೆಯದು. ಅದರಲ್ಲಿ ನಮ್ಮ ಪಾಲೂ ಇದೆ. ಆದರೆ ಈ ನದಿಯ ನಿಜವಾದ ನೀರು ಇರುವುದು ಮರಳಿನ ಕೆಳಗೆ. ನಮ್ಮ ಪಾವಗಡ, ಮಧುಗಿರಿ ಕಡೆ ತಲಪರಿಗೆ ಅನ್ನುತ್ತಾರಲ್ಲ, ಮರಳು ಕೆದಕಿದರೆ ಊಟೆ ಚಿಮ್ಮಿ ಕಾಲುವೆಯಾಗಿ ಹರಿಯುವುದು, ಹಾಗೆಯೇ ಪಾಲಾರಿನ ರೈತರೂ ಊಟೆ ಕಾಲುವೆ ಮಾಡಿಕೊಂಡು ಭತ್ತ, ಕಬ್ಬು, ತೆಂಗು ಬೆಳೆದಿದ್ದರು.

ಇದನ್ನು ಮೊದಲೇ ಹೇಳಲು ಕಾರಣ ಇದೆ. ತುಂಬಿ ಹರಿಯುವ ನದಿಗೆ ಕೊಳಕು ಬಿಟ್ಟರೆ ಅದು ತೆಳುವಾಗಿ ಕೊಚ್ಚಿ ಹೋಗುತ್ತದೆ. ಮರಳಿನ ನದಿಗೆ ಬಿಟ್ಟರೆ ಹೋಗುವುದಿಲ್ಲ, ಇಂಗುತ್ತದೆ. ಇಂಗಿದ್ದು ನೇರ ಬಾವಿಗೆ.

ಒಂದು ಚರ್ಮದ ಹಿಂದೆ ಹೋಗೋಣ

ದನ ಕಡಿದ ಕೂಡಲೇ ಚರ್ಮ ಕೊಳೆಯಲು ಶುರುವಾಗುತ್ತದೆ. ಅದನ್ನು ತಡೆಯಲು ತಣ್ಣಗೆ ಇಡಬೇಕು, ಇಲ್ಲವೇ ಉಪ್ಪು ಹಚ್ಚಬೇಕು. ಸಂತೆ ಊರಿನ ಸಣ್ಣ ವ್ಯಾಪಾರಿ ಹತ್ತಿರ ಶೀತಲ ಕೋಣೆ ಎಲ್ಲಿ ಬರಬೇಕು? ಉಪ್ಪು ಕಿಲೋಗೆ ಕೆಲವೇ ರೂಪಾಯಿ. ಧಾರಾಳವಾಗಿ ಸುರಿಯುತ್ತಾನೆ. ಚರ್ಮದ ತೂಕದ ನೂರಕ್ಕೆ 30ರಿಂದ 40 ಪಾಲು ಉಪ್ಪು. 20 ಕಿಲೋದ ಒಂದು ಹಸುವಿನ ಚರ್ಮಕ್ಕೆ ಆರರಿಂದ ಎಂಟು ಕಿಲೋ. ನಾಲ್ಕು ಜನರ ಮನೆಗೆ ಐದಾರು ತಿಂಗಳ ಅಡುಗೆಗೆ ಆಗುವಷ್ಟು.

ಆ ಚರ್ಮ ಮಡಚಿಕೊಂಡು ಲಾರಿಯಲ್ಲಿ ಟ್ಯಾನರಿಗೆ ಬರುತ್ತದೆ. ಬಿಚ್ಚಿದರೆ ಒಳಮೈ ತುಂಬ ಬಿಳಿ ಹರಳು, ಅಲ್ಲಲ್ಲಿ ರಕ್ತ ಹಿಡಿದು ಕಂದು. ಮೊದಲ ಕೆಲಸ ತೊಟ್ಟಿಯಲ್ಲಿ ನೆನೆಹಾಕುವುದು. ಒಣಗಿ ಸೆಟೆದಿದ್ದ ಚರ್ಮ ಮೆತ್ತಗಾಗುತ್ತದೆ, ಉಪ್ಪೆಲ್ಲ ನೀರಿಗೆ ಬಿಡುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಈ ತೊಟ್ಟಿಯ ಮೊದಲ ನೀರಿನಲ್ಲಿ ಅದಕ್ಕಿಂತ ಜಾಸ್ತಿಯೇ ಇರುವುದುಂಟು. ಸಮುದ್ರದಿಂದ ನೂರು ಕಿಲೋಮೀಟರಿಗೂ ದೂರದ ಊರಿನಲ್ಲಿ ದಿನಾ ಬೆಳಿಗ್ಗೆ ಒಂದು ಸಣ್ಣ ಸಮುದ್ರ ತಯಾರಾಗುತ್ತದೆ.

ಆಮೇಲೆ ಸುಣ್ಣ, ಸಲ್ಫೈಡ್. ಕೂದಲು ಉದುರುತ್ತದೆ, ಕೊಬ್ಬು, ಮಾಂಸದ ಚೂರು ಹೆರೆದು ತೆಗೆಯುತ್ತಾರೆ. ಸುಣ್ಣ ಬಿಡಿಸುತ್ತಾರೆ. ಮತ್ತೆ ಒಂದಿಷ್ಟು ಉಪ್ಪು, ಆಸಿಡ್ ಹಾಕಿ ಚರ್ಮವನ್ನು ಹುಳಿ ಮಾಡುತ್ತಾರೆ. ಕೊನೆಗೆ ದೊಡ್ಡ ಮರದ ಡ್ರಮ್ಮಿನಲ್ಲಿ ಕ್ರೋಮಿಯಂ ಸಲ್ಫೇಟ್ ಜೊತೆ ತಿರುಗಿಸುತ್ತಾರೆ. ಹೊರಗೆ ತೆಗೆದಾಗ ಚರ್ಮ ತಿಳಿ ನೀಲಿ. ಅದಕ್ಕೇ ವ್ಯಾಪಾರದಲ್ಲಿ ಅದರ ಹೆಸರು ವೆಟ್ ಬ್ಲೂ. ಹಾಕಿದ ಕ್ರೋಮಿನಲ್ಲಿ ಚರ್ಮಕ್ಕೆ ಹಿಡಿಯುವುದು ನೂರಕ್ಕೆ 60–70 ಪಾಲು. ಮಿಕ್ಕಿದ್ದು ಹಸಿರು-ನೀಲಿ ನೀರಾಗಿ ಚರಂಡಿಗೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಕ್ರೋಮ್ ದುಬಾರಿ. ಆ ನೀರಿಗೆ ಮೆಗ್ನೀಷಿಯಂ ಆಕ್ಸೈಡ್ ಹಾಕಿದರೆ ಕ್ರೋಮ್ ತಳಕ್ಕೆ ಕೂರುತ್ತದೆ. ಅದನ್ನು ಆಸಿಡ್ಡಿನಲ್ಲಿ ಕರಗಿಸಿ ಮತ್ತೆ ಡ್ರಮ್ಮಿಗೆ ಹಾಕಬಹುದು. ದುಡ್ಡು ಉಳಿಯುತ್ತದೆ. ಹಾಗಾಗಿ ಈ ವಿಧಾನ ಟ್ಯಾನರಿಗಳಿಗೆ ಒಪ್ಪಿಗೆಯಾಯಿತು. ಉಪ್ಪನ್ನು ಯಾರು ವಾಪಸ್ ತೆಗೆಯುತ್ತಾರೆ? ತೆಗೆಯುವ ಖರ್ಚಿಗಿಂತ ಹೊಸ ಉಪ್ಪೇ ಅಗ್ಗ. ವಸ್ತು ಅಗ್ಗವಾಗಿದ್ದೇ ಇಲ್ಲಿ ಶಾಪ ಆಯಿತು.

ಇಷ್ಟೊಂದು ಟ್ಯಾನರಿ ಯಾಕೆ ಬಂದವು

ಚರ್ಮದ ಕೆಲಸ ಈ ಕಣಿವೆಗೆ ಹೊಸದಲ್ಲ. ಆವರಿಕೆ ಗಿಡದ ತೊಗಟೆ, ಅಳಲೆಕಾಯಿ ಹಾಕಿ ವಾರಗಟ್ಟಲೆ ಹದ ಮಾಡಿದ ಮದ್ರಾಸ್ ಚರ್ಮ ಬ್ರಿಟಿಷರ ಕಾಲದಿಂದ ವಿದೇಶಕ್ಕೆ ಹೋಗುತ್ತಿತ್ತು. ಆಗಲೂ ಗಲೀಜು ಇತ್ತು. ಹಳೆಯದೆಲ್ಲ ಚೆನ್ನಾಗಿತ್ತು ಅಂತ ಸುಮ್ನೆ ಹೇಳುವ ಹಾಗಿಲ್ಲ.

ತಿರುವು ಬಂದಿದ್ದು 1970ರ ದಶಕದಲ್ಲಿ. ಹಸಿ ಚರ್ಮ, ಅರೆ ಹದದ ಚರ್ಮ ಕಡಿಮೆ ಬೆಲೆಗೆ ಮಾರುವುದು ಬೇಡ, ಪೂರ್ತಿ ತಯಾರಾದ ಚರ್ಮ, ಬೂಟು ಮಾರೋಣ ಎಂದು ಕೇಂದ್ರ ಸರ್ಕಾರ ತೀರ್ಮಾನಿಸಿತು. ಸೀತಾರಾಮಯ್ಯ ಸಮಿತಿಯ ಸಲಹೆಯ ಮೇಲೆ 1973ರಲ್ಲಿ ಹಸಿ ಚರ್ಮದ ರಫ್ತು ನಿಲ್ಲಿಸಿ, ಅರೆ ಹದದ್ದಕ್ಕೆ ಮಿತಿ ಹಾಕಿತು. ಲೆಕ್ಕ ಸರಿಯಾಗಿಯೇ ಇತ್ತು. ಕೆಲಸ ಹೆಚ್ಚಿತು, ಡಾಲರ್ ಬಂತು. ಅದೇ ಹೊತ್ತಿಗೆ ಶ್ರೀಮಂತ ದೇಶಗಳೂ ಗಲೀಜಿನ ಹಂತಗಳನ್ನು ಮನೆಯಿಂದ ಹೊರಗೆ ಹಾಕಲು ಕಾಯುತ್ತಿದ್ದವು. ತೊಗಟೆಗೆ ವಾರಗಳು ಬೇಕಾದ ಕಡೆ ಕ್ರೋಮಿಗೆ ಒಂದು ದಿನ ಸಾಕು. ಶೆಡ್ಡುಗಳು ಎದ್ದವು.

ಈ ಶೆಡ್ಡುಗಳಲ್ಲಿ ಹೆಚ್ಚಿನವು ತೀರ ಸಣ್ಣವು. ಅನೇಕ ಕಡೆ ಚರ್ಮ ಮಾಲೀಕನದೇ ಅಲ್ಲ. ದೊಡ್ಡ ರಫ್ತುದಾರ ಚರ್ಮ ಕೊಡುತ್ತಾನೆ, ಇವನು ಕೂಲಿ ಲೆಕ್ಕದಲ್ಲಿ ಹದ ಮಾಡಿ ಕೊಡುತ್ತಾನೆ. ರೇಟು ಎಂಟಾಣೆ ಜಾಸ್ತಿ ಅಂದರೆ ಕೆಲಸ ಪಕ್ಕದ ಶೆಡ್ಡಿಗೆ. ಅಂಥವನಿಗೆ ನೀರು ಶುದ್ಧ ಮಾಡಲು ಜಾಗವೂ ಇಲ್ಲ, ಅದರ ಖರ್ಚನ್ನು ಯಾರ ಮೇಲೂ ಹಾಕುವ ತಾಕತ್ತೂ ಇಲ್ಲ. ಲಾಭ ಮೇಲಿನ ತುದಿಯಲ್ಲಿ, ಚರಂಡಿ ಕೆಳಗಿನ ತುದಿಯಲ್ಲಿ.

ಬಾವಿ ಕೆಟ್ಟಿದ್ದು ಹೇಗೆ ಗೊತ್ತಾಯಿತು

ಮೊದಲು ಗೊತ್ತಾಗುವುದು ಬೆಳೆಯಲ್ಲಿ. ಸಸಿ ಏಳುವುದಿಲ್ಲ, ಎದ್ದರೂ ಎಲೆಯ ತುದಿ ಸುಡುತ್ತದೆ. ನೀರು ಹಾಯಿಸಿ ಮಣ್ಣು ಆರಿದ ಮೇಲೆ ಮಡಿಯ ಅಂಚಿನಲ್ಲಿ ಬಿಳಿ ಪುಡಿ. ಚೌಳು ಅಂತ ನಮ್ಮ ರೈತರು ಹೇಳುವುದು ಇದನ್ನೇ. ಕಾಲುವೆ ಕೆಳಗಿನ ಚೌಳು ನೀರು ಜಾಸ್ತಿ ಆಗಿ ಬರುವುದು, ಇದು ನೀರೇ ಉಪ್ಪಾಗಿ ಬಂದಿದ್ದು. ಭತ್ತ ಮೊದಲು ಕೈಕೊಡುತ್ತದೆ. ತೆಂಗು ಗಟ್ಟಿ ಜೀವ, ತಡೆಯುತ್ತದೆ, ಆದರೆ ಕಾಯಿ ಸಣ್ಣದಾಗುತ್ತ ಬರುತ್ತದೆ. ಆಮೇಲೆ ಮನೆಯೊಳಗೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಹೆಂಗಸರು ಸೀನೀರಿಗೆ ಕೊಡ ಹಿಡಿದು ಮೈಲಿ ನಡೆಯುವುದು ಆಗ ಶುರು.

1991ರಲ್ಲಿ ವೆಲ್ಲೂರು ನಾಗರಿಕರ ಹಿತರಕ್ಷಣಾ ವೇದಿಕೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ವಾದ ಮಾಡಿದವರು ಪರಿಸರದ ಕೇಸುಗಳಿಗೆ ಹೆಸರಾದ ವಕೀಲ ಎಂ.ಸಿ. ಮೆಹ್ತಾ. ಕೋರ್ಟಿನ ಮುಂದೆ ಬಂದ ಅಂಕಿಗಳು ಸಣ್ಣವಲ್ಲ. ಒಂದು ಕಿಲೋ ಚರ್ಮ ತಯಾರಾಗಲು ಸುಮಾರು 35 ಲೀಟರ್ ನೀರು. ಕ್ರೋಮ್ ಹದಕ್ಕೆ ಸುಮಾರು 170 ಬಗೆಯ ರಾಸಾಯನಿಕ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವೆಲ್ಲೂರು ಕೇಂದ್ರದ ಪ್ರಕಾರ ಟ್ಯಾನರಿಗಳಿರುವ ಸೀಮೆಯಲ್ಲಿ ಹತ್ತಿರ ಹತ್ತಿರ 35,000 ಹೆಕ್ಟೇರ್ ಜಮೀನು ಪೂರ್ತಿಯಾಗಿಯೋ ಅರ್ಧಂಬರ್ಧವೋ ಕೆಟ್ಟಿದೆ. ತಮಿಳುನಾಡಿನ ಇನ್ನೊಂದು ಟ್ಯಾನರಿ ಸೀಮೆಯಾದ ದಿಂಡಿಗಲ್ ಕಡೆಯ 13 ಹಳ್ಳಿಗಳಲ್ಲಿ ನೋಡಿದರೆ 467 ಬಾವಿಗಳಲ್ಲಿ 350 ಹಾಳು.

ಟ್ಯಾನರಿಗಳು ಕೋರ್ಟಿನಲ್ಲಿ ಎತ್ತಿದ ತಕರಾರೇ ಕುತೂಹಲದ್ದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಬಿಡುವ ನೀರಿಗೆ ಒಂದು ಮಿತಿ ಹಾಕಿತ್ತು: ಕರಗಿದ ಲವಣ ಲೀಟರಿಗೆ 2,100 ಮಿಲಿಗ್ರಾಂ ಮೀರಬಾರದು. ಅದು ಅತಿಯಾಯಿತು ಎಂದರು. ಕೋರ್ಟು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯನ್ನು ಕೇಳಿತು. ಆ ಸಂಸ್ಥೆ 1996ರ ಜೂನಿನಲ್ಲಿ, ಮಿತಿ ಸರಿಯಾಗಿದೆ ಎಂದು ವರದಿ ಕೊಟ್ಟಿತು. ಅಂದರೆ ಕಷ್ಟದ ಗಂಟು ಎಲ್ಲಿದೆ ಅಂತ ಎಲ್ಲರಿಗೂ ಆಗಲೇ ಗೊತ್ತಿತ್ತು. ಉಪ್ಪಿನಲ್ಲಿ.

1996ರ ಆಗಸ್ಟ್ 28ರಂದು ತೀರ್ಪು ಬಂತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ. ಕಾನೂನು ಓದುವವರಿಗೆಲ್ಲ ಇದು ಬಾಯಿಪಾಠ: ಕೆಡಿಸಿದವನೇ ತೆರಬೇಕು, ಕೆಡುವ ಮೊದಲೇ ಎಚ್ಚರ ವಹಿಸಬೇಕು, ಈ ಎರಡೂ ಈ ದೇಶದ ಕಾನೂನಿನ ಭಾಗ ಎಂದು ಕೋರ್ಟು ಹೇಳಿತು. ನಮ್ಮಲ್ಲಿ ಅಜ್ಜಿಯರು ಇದನ್ನು "ಉಪ್ಪು ತಿಂದವ ನೀರು ಕುಡಿಯಲೇಬೇಕು" ಅಂತ ನಾಲ್ಕೇ ಮಾತಿನಲ್ಲಿ ಮುಗಿಸುತ್ತಾರೆ. ಪಾಲಾರಿನಲ್ಲಿ ಆದದ್ದು ಉಲ್ಟಾ. ಉಪ್ಪು ಒಬ್ಬರದು, ಆ ನೀರು ಕುಡಿದವರು ಇನ್ನೊಬ್ಬರು.

ಆದೇಶಗಳು ಗಟ್ಟಿಯಾಗಿದ್ದವು. ತಮಿಳುನಾಡಿನ ಐದು ಜಿಲ್ಲೆಗಳ ಪ್ರತಿ ಟ್ಯಾನರಿಗೆ 10,000 ರೂಪಾಯಿ ದಂಡ. ನವೆಂಬರ್ 30ರೊಳಗೆ ಒಂಟಿಯಾಗಿಯೋ ಜೊತೆಯಾಗಿಯೋ ಶುದ್ಧೀಕರಣ ವ್ಯವಸ್ಥೆ. ನಷ್ಟ ಲೆಕ್ಕ ಹಾಕಿ ಪರಿಹಾರ ಕೊಡಿಸಲು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ಕೆಳಗೆ ಒಂದು ಪ್ರಾಧಿಕಾರ. ಮುಂದಿನ ಉಸ್ತುವಾರಿಗೆ ಮದ್ರಾಸ್ ಹೈಕೋರ್ಟಿನಲ್ಲಿ ಪರಿಸರದ ಕೇಸು ನೋಡುವ ಹಸಿರು ಪೀಠ.

ಘಟಕ ಬಂತು, ಉಪ್ಪು ಉಳಿಯಿತು

ಸಣ್ಣ ಟ್ಯಾನರಿ ಒಬ್ಬೊಬ್ಬನೇ ಘಟಕ ಕಟ್ಟಲಾರ. ಹಾಗಾಗಿ ಹತ್ತಾರು, ನೂರಾರು ಟ್ಯಾನರಿ ಸೇರಿ ಸಾಮೂಹಿಕ ಶುದ್ಧೀಕರಣ ಘಟಕ ಮಾಡಿಕೊಂಡರು. ಸರ್ಕಾರದ ಸಬ್ಸಿಡಿ ಸಿಕ್ಕಿತು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ತಾಂತ್ರಿಕ ನೆರವು ಕೊಟ್ಟಿತು. ನಿಜ ಹೇಳಬೇಕೆಂದರೆ, ಅಭಿವೃದ್ಧಿಶೀಲ ದೇಶಗಳಲ್ಲಿ ಇಷ್ಟು ಸಣ್ಣ ಘಟಕಗಳು ಒಟ್ಟಾಗಿ ಇಷ್ಟು ದೊಡ್ಡ ಕೆಲಸ ಮಾಡಿದ್ದು ಕಡಿಮೆ. ಢಾಕಾದ ಹಜಾರಿಬಾಗ್ ಟ್ಯಾನರಿಗಳನ್ನು ಊರಾಚೆ ಸಾವರಕ್ಕೆ ಕಳಿಸಲು 2017ರಲ್ಲಿ ಕೋರ್ಟು ಹೇಳಿ ಕರೆಂಟು, ನೀರು ಕತ್ತರಿಸಬೇಕಾಯಿತು. ಅದಕ್ಕೆ ಹೋಲಿಸಿದರೆ ಪಾಲಾರಿನವರು ಮುಂದೆ.

ಆದರೆ ಆ ಘಟಕದೊಳಗೆ ಏನಾಗುತ್ತದೆ? ಸುಣ್ಣ, ಆಲಂ ಹಾಕಿ ಕೆಸರು ಕೂರಿಸುತ್ತಾರೆ. ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುತ್ತಾರೆ. ವಾಸನೆ ಹೋಗುತ್ತದೆ, ಬಣ್ಣ ತಿಳಿಯಾಗುತ್ತದೆ, ಕ್ರೋಮ್ ಕೆಸರಿಗೆ ಸೇರುತ್ತದೆ. ಗಾಜಿನ ಲೋಟದಲ್ಲಿ ಹಿಡಿದು ತೋರಿಸಬಹುದು. ಉಪ್ಪು? ಅದನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ, ಆಲಂ ಕೂರಿಸುವುದಿಲ್ಲ. ಬಂದಷ್ಟೂ ಹೊರಗೆ ಹೋಗುತ್ತದೆ. ಯಾವ ಮಿತಿಗಾಗಿ ಕೋರ್ಟಿನಲ್ಲಿ ಜಗಳ ಆಯಿತೋ, ಅದನ್ನು ಮುಟ್ಟಲಾಗದ ಯಂತ್ರವನ್ನೇ ಕಟ್ಟಲಾಯಿತು.

ಕೋಲಾರದವರಿಗೆ ಈ ಪ್ರಶ್ನೆ ಪರಿಚಯದ್ದು. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಕೆರೆಗೆ ಬರುವಾಗಲೂ ಅಲ್ಲಿನ ಜನ ಇದನ್ನೇ ಕೇಳಿದರು: ಶುದ್ಧ ಮಾಡಿದ ನೀರು ಅಂದರೆ, ಏನನ್ನು ತೆಗೆದ ನೀರು?

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಕಥೆ ಇದೆ. 1990ರ ಸುಮಾರಿಗೆ ಜರ್ಮನಿ ಪೆಂಟಾಕ್ಲೋರೋಫಿನಾಲ್ ಇರುವ ಚರ್ಮ ಬೇಡ ಎಂದಿತು. ಚರ್ಮಕ್ಕೆ ಬೂಷ್ಟು ಹಿಡಿಯದಿರಲು ಹಾಕುವ ವಿಷ ಅದು. ಕೆಲವು ವರ್ಷಗಳ ನಂತರ ಕೆಲವು ಅಜೋ ಬಣ್ಣಗಳಿಗೂ ನಿಷೇಧ ಬಂತು. ನಮ್ಮ ಉದ್ಯಮ, ಸರ್ಕಾರ, ಪ್ರಯೋಗಾಲಯ ಎಲ್ಲ ಸೇರಿ ಬೇಗನೆ ಬದಲಿ ಹುಡುಕಿಕೊಂಡವು. ಯಾಕೆ? ಆ ವಿಷ ಬೂಟಿನ ಜೊತೆ ಗಿರಾಕಿಯ ಮನೆಗೆ ಹೋಗುತ್ತಿತ್ತು. ಉಪ್ಪು ಹೋಗುವುದಿಲ್ಲ. ಅದು ಆಂಬೂರಿನಲ್ಲೇ ಉಳಿಯುತ್ತದೆ. ನನಗೆ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ತಿಳಿಸಿಕೊಟ್ಟ ಭಾಗ ಇದು. ಅದೇ ಮಾಲೀಕರು, ಅದೇ ಮಂಡಳಿ, ಅದೇ ಕಾಲ. ಒಂದರಲ್ಲಿ ಚುರುಕು, ಇನ್ನೊಂದರಲ್ಲಿ ಎಮ್ಮೆ ಮೇಲೆ ಮಳೆ.

ಕೆಸರಿನ ಕಥೆ ಇನ್ನೂ ಕೆಟ್ಟದು. ನೀರಿನಿಂದ ತೆಗೆದ ಕ್ರೋಮ್ ಎಲ್ಲಿಗೆ ಹೋಯಿತು? ಕೆಸರಿಗೆ. ಕೆಸರು ಎಲ್ಲಿಗೆ ಹೋಗಬೇಕು? 2015ರ ಜನವರಿ 31ರ ನಸುಕಿನಲ್ಲಿ ರಾಣಿಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ಸಾಮೂಹಿಕ ಘಟಕದ ಕೆಸರಿನ ತೊಟ್ಟಿಯ ಗೋಡೆ ಕುಸಿಯಿತು. ಪಕ್ಕದ ಟ್ಯಾನರಿಯಲ್ಲಿ ಮಲಗಿದ್ದ ಹತ್ತು ಜನ ಅದರಲ್ಲಿ ಮುಳುಗಿ ಸತ್ತರು. ಹೆಚ್ಚಿನವರು ಪಶ್ಚಿಮ ಬಂಗಾಳದಿಂದ ಕೂಲಿಗೆ ಬಂದವರು. ಅದೇ ರಾಣಿಪೇಟೆಯಲ್ಲಿ, ಟ್ಯಾನರಿಗಳಿಗೆ ಬೇಕಾದ ಕ್ರೋಮ್ ರಾಸಾಯನಿಕ ಮಾಡುತ್ತಿದ್ದು ಮುಚ್ಚಿಹೋದ ಕಾರ್ಖಾನೆಯ ಎರಡು ಲಕ್ಷ ಟನ್‌ಗೂ ಜಾಸ್ತಿ ಕಸ ಬಯಲಿನಲ್ಲಿ ಬಿದ್ದಿತ್ತು. ಅದರಲ್ಲಿ ಇದ್ದದ್ದು ಕ್ಯಾನ್ಸರ್ ತರುವ ಬಗೆಯ, ಆರು ವೇಲೆನ್ಸಿಯ ಕ್ರೋಮ್. 2006ರಲ್ಲಿ ಅಮೆರಿಕದ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಜಗತ್ತಿನ ಹತ್ತು ಅತಿ ಮಲಿನ ಜಾಗಗಳ ಪಟ್ಟಿ ಮಾಡಿದಾಗ ಚೆರ್ನೋಬಿಲ್ ಜೊತೆ ರಾಣಿಪೇಟೆಯ ಹೆಸರೂ ಇತ್ತು.

ಎಕರೆಗೆ ಎಷ್ಟು?

ನಷ್ಟ ಲೆಕ್ಕ ಹಾಕಲು ಕೋರ್ಟು ಮಾಡಿಸಿದ್ದ ಪ್ರಾಧಿಕಾರ 2001ರ ಮಾರ್ಚ್ 7ರಂದು ಪರಿಹಾರ ಘೋಷಿಸಿತು. 547 ಟ್ಯಾನರಿಗಳು, 186 ಹಳ್ಳಿಗಳ 29,193 ಜನರಿಗೆ, 15,164.96 ಹೆಕ್ಟೇರಿನ ನಷ್ಟಕ್ಕೆ, ಒಟ್ಟು 26.82 ಕೋಟಿ ರೂಪಾಯಿ ಕೊಡಬೇಕು. 1991ರ ಆಗಸ್ಟಿನಿಂದ 1998ರ ಡಿಸೆಂಬರ್‌ವರೆಗಿನ ಲೆಕ್ಕ.

ಕೋಟಿ ಕೇಳಿದರೆ ದೊಡ್ಡದು ಅನಿಸುತ್ತದೆ. ಭಾಗ ಮಾಡಿ ನೋಡಿ. ತಲೆಗೆ ಸರಾಸರಿ 9,200 ರೂಪಾಯಿಗೂ ಕಡಿಮೆ. ಎಕರೆಗೆ ಏಳು ಸಾವಿರ ಚಿಲ್ಲರೆ, ಅದೂ ಏಳು ವರ್ಷಕ್ಕೆ. ಅಂದರೆ ಎಕರೆಗೆ ವರ್ಷಕ್ಕೆ ಸಾವಿರ ರೂಪಾಯಿಯೂ ಬೀಳಲಿಲ್ಲ. ಈ ಬೆಲೆಗೆ ಕೆಡಿಸುವುದೇ ಅಗ್ಗ ಅಲ್ವಾ? ಅದೂ ಎಲ್ಲರ ಕೈ ಸೇರಲಿಲ್ಲ. 2009ರ ಆಗಸ್ಟ್ 24ರಂದು ಇನ್ನೊಂದು ಘೋಷಣೆ ಆಯಿತು. ಕೇಸು ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 30ರಂದು ನ್ಯಾಯಮೂರ್ತಿ ಪಾರ್ದಿವಾಲಾ ಮತ್ತು ನ್ಯಾಯಮೂರ್ತಿ ಮಹದೇವನ್ ಅವರ ಪೀಠ, ಎರಡೂ ಘೋಷಣೆಗಳ ಬಾಕಿಯನ್ನು ರಾಜ್ಯ ಸರ್ಕಾರ ಮೊದಲು ಆರು ವಾರದೊಳಗೆ ಕೊಡಲಿ, ಆಮೇಲೆ ಕೆಡಿಸಿದವರಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ನದಿ ಸುಧಾರಿಸುವವರೆಗೆ ಹೊಣೆ ಮುಗಿಯುವುದಿಲ್ಲ ಎಂದೂ ಹೇಳಿತು. ಅರ್ಜಿ ಹಾಕಿ 34ನೇ ವರ್ಷ. 1991ರಲ್ಲಿ ನಲವತ್ತು ದಾಟಿದ್ದ ರೈತ ಈಗ ಇದ್ದರೆ ಎಪ್ಪತ್ತೈದರ ಆಸುಪಾಸು.

ಪ್ರಕರಣವನ್ನು ರೈತ ಒಂದು ಕಡೆ, ಟ್ಯಾನರಿ ಒಂದು ಕಡೆ ಎಂದು ಬರೆಯುವುದು ಸುಲಭ. ಊರಿನಲ್ಲಿ ಅದು ಅಷ್ಟು ನೇರ ಇಲ್ಲ. ಬಾವಿ ಕೆಟ್ಟ ಮನೆಯ ಮಗಳೇ ಬೂಟಿನ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಾಳೆ. ಬೇಸಾಯ ಬಿಟ್ಟವನು ಟ್ಯಾನರಿಯ ಡ್ರಮ್ಮಿನ ಮುಂದೆ ನಿಲ್ಲುತ್ತಾನೆ. ಮುಚ್ಚಿ ಅಂದರೆ ಅವರ ಒಲೆಯೂ ಆರುತ್ತದೆ. ಹಾಗಾಗಿ ಮುಚ್ಚುವುದೋ ಬಿಡುವುದೋ ಅನ್ನುವುದಕ್ಕಿಂತ, ಉಪ್ಪನ್ನು ಎಲ್ಲಿ ಹಿಡಿಯಬೇಕು ಅನ್ನುವುದು ಸರಿಯಾದ ಪ್ರಶ್ನೆ ಅಂತ ನನ್ನ ಅಭಿಪ್ರಾಯ.

ಹಿಡಿಯುವ ದಾರಿ ಇಲ್ಲವೆಂದಲ್ಲ. ನೆನೆಹಾಕುವ ಮೊದಲು ಚರ್ಮವನ್ನು ಮರದ ಚೌಕಟ್ಟಿನ ಮೇಲೆ ಬಡಿದು ಕೊಡವಿದರೆ ಒಂದಿಷ್ಟು ಉಪ್ಪು ಒಣಗಿದ್ದಾಗಲೇ ಉದುರುತ್ತದೆ. ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆ ಈ ಕಣಿವೆಯಲ್ಲೇ ಇದನ್ನು ಮಾಡಿ ತೋರಿಸಿತ್ತು. ನೆನೆಸಿದ ಮೊದಲ ನೀರನ್ನು ಬೇರೆ ನೀರಿಗೆ ಬೆರೆಸದೆ ಬಿಸಿಲಿನ ಮಡಿಗೆ ಬಿಟ್ಟು ಒಣಗಿಸಬಹುದು. ಎರಡೂ ಬಡ ಉಪಾಯ. ಯಂತ್ರ ಬೇಡ, ಆಳು ಬೇಕು, ಜಾಗ ಬೇಕು. ಆದರೆ ಸಾಮೂಹಿಕ ಘಟಕದ ಶುಲ್ಕ ನೀರಿನ ಲೀಟರ್ ಲೆಕ್ಕದಲ್ಲಿ ಇದ್ದರೆ, ಉಪ್ಪು ಕೊಡವುವ ಟ್ಯಾನರಿಗೂ ಕೊಡವದ ಟ್ಯಾನರಿಗೂ ಒಂದೇ ಬಿಲ್ಲು. ಆಗ ಯಾರು ಆಳು ಇಡುತ್ತಾರೆ? ಉಪ್ಪಿನ ಲೆಕ್ಕದಲ್ಲಿ ಬಿಲ್ಲು ಹಾಕಿ ನೋಡಬೇಕಿತ್ತು.

ಅದರ ಬದಲು ಬಂದಿದ್ದು ದುಬಾರಿ ದಾರಿ. ಒಂದು ಹನಿಯೂ ಹೊರಗೆ ಬಿಡಬಾರದು ಎಂಬ ನಿಯಮದ ಒತ್ತಡಕ್ಕೆ ಸಾಮೂಹಿಕ ಘಟಕಗಳಿಗೆ ನೀರಿನಿಂದ ಉಪ್ಪು ಸೋಸುವ ಆರ್‌ಒ ಬಂತು. ನಮ್ಮ ಅಡುಗೆಮನೆಯ ಆರ್‌ಒ ಥರವೇ, ಆದರೆ ಊರಿನಷ್ಟು ದೊಡ್ಡದು. ಒಳ್ಳೆಯ ನೀರು ಟ್ಯಾನರಿಗೆ ವಾಪಸ್. ಉಳಿದ ಗಟ್ಟಿ ಉಪ್ಪುನೀರನ್ನು ಆವಿ ಯಂತ್ರದಲ್ಲಿ ಕುದಿಸಿ ಒಣಗಿಸಬೇಕು. ಇದಕ್ಕೆಲ್ಲ ಕರೆಂಟು, ಸೌದೆ, ದುಡ್ಡು. ಖರ್ಚು ಮೈಮೇಲೆ ಬಂದಾಗ ಮಳೆಗಾಲದ ರಾತ್ರಿ ಯಾರೋ ಒಂದು ವಾಲ್ವು ತಿರುಗಿಸುತ್ತಾರೆ, ಮರುದಿನ ಪಾಲಾರಿನಲ್ಲಿ ನೊರೆ.

ಸರಿಯಾಗಿ ನಡೆಸಿದರೂ ಕೊನೆಗೆ ಕೈಗೆ ಸಿಗುವುದು ಕಂದು ಬಣ್ಣದ ಮಿಶ್ರ ಉಪ್ಪು. ಸೋಡಿಯಂ ಕ್ಲೋರೈಡ್, ಸಲ್ಫೇಟ್ ಎಲ್ಲ ಬೆರೆತದ್ದು. ಅಡುಗೆಗೆ ಬಾರದು, ಚರ್ಮಕ್ಕೂ ಬಾರದು, ಕೊಳ್ಳುವವರಿಲ್ಲ. ಮೂಟೆ ಕಟ್ಟಿ ಶೆಡ್ಡಿನಲ್ಲಿ ಒಟ್ಟುತ್ತಾರೆ. ಶೆಡ್ಡು ತುಂಬಿದ ಮೇಲೆ ಹೊರಗೆ ಒಟ್ಟಿ ಟಾರ್ಪಾಲು ಹೊದಿಸುತ್ತಾರೆ. ಪಾಲಾರ್ ಆಗೊಮ್ಮೆ ಈಗೊಮ್ಮೆ ಮಾತ್ರ ತುಂಬುವ ನದಿ, ಆದರೆ 2021ರ ನವೆಂಬರಿನಲ್ಲಿ ದಡ ಮೀರಿ ಹರಿದಿತ್ತು. ಮುಂದಿನ ಸಲ ಆ ಕಡೆ ಹೋದಾಗ ಯಾರಾದರೂ ಸ್ನೇಹಿತರು ಘಟಕದೊಳಗೆ ಬಿಟ್ಟರೆ, ನೀರಿನ ಲೋಟ ಹಿಡಿದು ತೋರಿಸುವುದನ್ನು ನೋಡಿಯಾದ ಮೇಲೆ, ಹಿಂದಿನ ಆ ಟಾರ್ಪಾಲನ್ನು ಒಂದು ಸಲ ಎತ್ತಿ ನೋಡಬೇಕು.